ನಿದ್ದೆ ಮಾಡದ ಸೊಸೆ

ನಮ್ಮ ಮನೆಯಲ್ಲಿ ಎರಡು ವರ್ಷ ರೇಷ್ಮೆ ಗೂಡು ಅಷ್ಟು ಚೆನ್ನಾಗಿ ಬಂದದ್ದಕ್ಕೆ ಕಾರಣ ನನ್ನ ಹೊಟ್ಟೆನೋವು. ಆಗ ಇದು ನನ್ನೊಬ್ಬಳಿಗೇ ಗೊತ್ತಿತ್ತು. ಕೆಂಚಾರ್ಲಹಳ್ಳಿಯ ಹಲವರು ನಮ್ಮ ತೋಟಕ್ಕೆ ಬಂದು ಹಿಪ್ಪುನೇರಳೆ ಸೊಪ್ಪನ್ನು ಮುಟ್ಟಿ ನೋಡಿ, ಯಾವ ಗೊಬ್ಬರ ಹಾಕುತ್ತೀರಿ ಎಂದು ಕೇಳಿದರು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನೂಲು ತೆಗೆಯುವವರು ನಮ್ಮ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಯಾರ ಮನೆಯದು ಎಂದು ವಿಚಾರಿಸುತ್ತಿದ್ದರಂತೆ. ನಮ್ಮ ಅತ್ತೆ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು. ಗೊಬ್ಬರ ಅಲ್ಲ, ನನ್ನ ಸೊಸೆ ರಾತ್ರಿಯೆಲ್ಲ ಕಣ್ಣು ಮುಚ್ಚುವುದಿಲ್ಲ ಎನ್ನುತ್ತಿದ್ದರು. ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತ ಹೆಂಗಸರ ಸಾಲಿನಲ್ಲಿ ಈ ಮಾತು ಹುಟ್ಟಿ ಊರೆಲ್ಲ ಓಡಾಡಿತು.

ಕಣ್ಣು ಮುಚ್ಚುತ್ತಿರಲಿಲ್ಲ ಎಂಬುದು ನಿಜ. ಹುಳುಗಳಿಗಾಗಿ ಅಲ್ಲ ಎಂಬುದನ್ನು ಮಾತ್ರ ನಾನು ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಆಮೇಲೆ ಡಾಕ್ಟರು ಕೇಳಿದರು, ಯಜಮಾನರು ಕೇಳಿದರು, ಮಗಳು ಕೇಳಿದಳು. ಅದನ್ನು ತಿಳಿಸಬೇಕಾದರೆ ನಾನು ಈ ಮನೆಗೆ ಬಂದ ಕಾಲಕ್ಕೆ ಹೋಗಬೇಕು. ನಾನು ಗೌರಿಬಿದನೂರಿನವಳು. ನಮ್ಮಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಹತ್ತಕ್ಕೆ ಹೋಗಿ ಸಂಜೆ ಬರುವ ಮನೆ ನಮ್ಮದು. ಮದುವೆಯಾಗಿ ಇಲ್ಲಿಗೆ ಬಂದಾಗ ಹುಳು ಮುಟ್ಟುವುದಿರಲಿ, ಅದು ಸೊಪ್ಪು ತಿನ್ನುವ ಸದ್ದು ಕೇಳಿದರೇ ಮೈ ಜುಮ್ಮೆನ್ನುತ್ತಿತ್ತು. ಗಂಡ ಚಿಂತಾಮಣಿಯ ಹೈಸ್ಕೂಲಿನಲ್ಲಿ ಮೇಷ್ಟ್ರು. ಅವರು ಬೆಳಿಗ್ಗೆ ಬೈಕ್ ಹತ್ತಿ ಹೋದರೆ ಮನೆಯಲ್ಲಿ ನಾನು, ಅತ್ತೆ ಮತ್ತು ಸಾವಿರಾರು ಹುಳು. ಒಮ್ಮೆ ತಲೆಗೆ ಘಮಘಮ ಎಣ್ಣೆ ಹಚ್ಚಿಕೊಂಡು ಹುಳುಮನೆಯ ಬಾಗಿಲಿಗೆ ಹೋಗಿದ್ದೆ. ಹುಳುಗಳಿಗೆ ಯಾವ ಘಾಟೂ ಆಗದು. ಅತ್ತೆ ಬೈಯಲಿಲ್ಲ, ಕೈ ಹಿಡಿದು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡರು. ಬೈದಿದ್ದರೆ ವಾಸಿಯಿತ್ತು. ಹದಿನೈದು ವರ್ಷ ನಾನು ಅವರ ಬಾಯಲ್ಲಿ 'ಟೌನ್ ಹುಡುಗಿ'ಯಾಗಿಯೇ ಉಳಿದೆ. ಕೆಲಸ ಕಲಿತೆ, ಸೊಪ್ಪು ಕೊಯ್ದೆ, ಮಗಳನ್ನು ಹೆತ್ತೆ, ಆದರೂ ಆ ಹೆಸರು ಹೋಗಲಿಲ್ಲ.

ನೋವು ಶುರುವಾದದ್ದು ಅವರೆಕಾಯಿ ಕಾಲದಲ್ಲಿ. ಹಿಚುಕಿದ ಅವರೆಬೇಳೆ ಸಾರು ಮಾಡಿದ್ದೆವು. ಊಟವಾಗಿ ಒಂದು ಗಂಟೆಗೆ ಎದೆಗೂಡಿನ ಕೆಳಗೆ ಏನೋ ಹಿಡಿದುಕೊಂಡಿತು, ಅಲ್ಲಿಂದ ನೇರ ಬೆನ್ನಿಗೆ ಹೋಯಿತು. ಗ್ಯಾಸ್ ಎಂದುಕೊಂಡು ಜೀರಿಗೆ ನೀರು ಕುಡಿದೆ. ಅವರೆಕಾಳು ತಿಂದು ಗ್ಯಾಸ್ ಆಗದವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಆದರೆ ಅವರೆಕಾಲ ಮುಗಿದು ಹುಣಸೆ ಬಡಿಯುವ ಕಾಲ ಬಂದರೂ ನೋವು ಹೋಗಲಿಲ್ಲ. ಅಂಗಡಿಯ ಗ್ಯಾಸ್ಟ್ರಿಕ್ ಮಾತ್ರೆ, ಓಮದ ಕಷಾಯ, ಅತ್ತೆ ತೆಗೆದ ದೃಷ್ಟಿ, ಊರಿನ ಡಾಕ್ಟರು ಕೊಟ್ಟ ಇಂಜೆಕ್ಷನ್, ಎಲ್ಲವೂ ಆದವು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಯಜಮಾನರು ಮೇಷ್ಟ್ರ ದನಿಯಲ್ಲಿ ಹೇಳಿದರು. ನಾನು ಊಟವನ್ನೇ ಕಡಿಮೆ ಮಾಡಿದೆ. ಮೊದಲು ಗಮನಿಸಿದವಳು ರವಿಕೆ ಹೊಲಿಯುವ ಹೆಂಗಸು. ಒಂದೇ ವರ್ಷದಲ್ಲಿ ಮೂರು ಸಲ ಹೊಲಿಗೆ ಒಳಗೆ ತೆಗೆದುಕೊಂಡು, ಮೂರನೇ ಸಲ ಟೇಪು ಕೈಯಲ್ಲಿ ಹಿಡಿದೇ ನನ್ನ ಮುಖ ನೋಡಿದಳು. ನಾನು ಬೇರೆ ಮಾತು ಎತ್ತಿದೆ.

ಹಗಲಿನ ನೋವನ್ನು ಹೇಗೋ ಸಾಗಿಸಬಹುದಿತ್ತು. ಅಂಗಾತ ಮಲಗುವುದು ಮಾತ್ರ ಆಗುತ್ತಿರಲಿಲ್ಲ. ಬೆನ್ನು ಚಾಪೆಗೆ ತಾಗಿದ ಕೂಡಲೇ ಒಳಗೆ ಯಾರೋ ಬಟ್ಟೆ ಹಿಂಡಲು ಶುರು ಮಾಡಿದಂತೆ ಆಗುತ್ತಿತ್ತು. ಎದ್ದು ಕೂತು ಮುಂದಕ್ಕೆ ಬಾಗಿದರೆ ಸ್ವಲ್ಪ ಬಿಡುವು. ಯಜಮಾನರು ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದರು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರಲ್ಲ, ಆ ಮನುಷ್ಯ ಸಂತೆಯಲ್ಲೂ, ಬಸ್ಸಿನಲ್ಲೂ, ಪರೀಕ್ಷೆ ಕೊಠಡಿಯಲ್ಲೂ ಮಲಗಬಲ್ಲರು. ಮೊದಮೊದಲು ಅವರನ್ನು ನೋಡಿ ನಗು ಬರುತ್ತಿತ್ತು. ಆರು ತಿಂಗಳಾದ ಮೇಲೆ ಕೋಪ ಬರತೊಡಗಿತು.

ಹುಳುಮನೆಗೆ ನಾನು ಹೋದದ್ದು ಹಾಗೆ, ಎಲ್ಲಿಯೂ ಕೂರಲಾಗದೆ. ರೇಷ್ಮೆ ಸಾಕದವರಿಗೆ ಒಂದು ಮಾತು ಹೇಳಬೇಕು. ಹುಳು ನಾಲ್ಕು ಸಲ ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು ಒಂದು ದಿನ ಅಲ್ಲಾಡದೆ ಮಲಗುತ್ತದೆ, ಪೊರೆ ಬಿಟ್ಟು ಏಳುತ್ತದೆ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಒಂದು ವಾರ ಅದಕ್ಕೆ ತಿನ್ನುವುದೊಂದೇ ಕೆಲಸ. ಈಗ ಎಲ್ಲರೂ ಒಂಬತ್ತಕ್ಕೆ ಕೊನೆಯ ಸೊಪ್ಪು ಹಾಕಿ ಮಲಗುತ್ತಾರೆ. ನಮ್ಮ ಅತ್ತೆ ಮಾತ್ರ ಹಳೆಯ ಕಾಲದಂತೆ ನಡುರಾತ್ರಿ ಎದ್ದು ಮತ್ತೊಂದು ಸಲ ಹಾಕುತ್ತಿದ್ದರು. ಅವರ ಮಂಡಿ ಹಾಳಾಗಿತ್ತು. ಒಂದು ರಾತ್ರಿ ಅವರು ಏಳುವ ಹೊತ್ತಿಗೆ ನಾನು ಆಗಲೇ ಅಲ್ಲಿದ್ದೆ. ನಾನು ಹಾಕುತ್ತೇನೆ, ನೀವು ಮಲಗಿ ಎಂದೆ. ಅವರು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಮಲಗಿದರು. ಬೆಳಿಗ್ಗೆ ಡೈರಿಯಿಂದ ಬಂದವರು ಮೊದಲ ಸಲ ನನಗೆ ಕಾಫಿ ತಾವೇ ಬೆರೆಸಿ ಕೊಟ್ಟರು.

ಸೊಪ್ಪಿನ ಕಡ್ಡಿಗಳನ್ನು ಹುಳು ಸಾಕುವ ಸ್ಟ್ಯಾಂಡಿನ ಕೆಳಗಿನ ಅಂತಸ್ತಿಗೆ ಹಾಸಬೇಕಾದರೆ ಸೊಂಟ ಬಗ್ಗಿಸಿ ಬಹಳ ಹೊತ್ತು ನಿಲ್ಲಬೇಕು. ಆ ಬಗ್ಗುವಿಕೆಯಲ್ಲೇ ನನ್ನ ಹೊಟ್ಟೆಗೆ ಆರಾಮ. ಹಾಗಾಗಿ ಒಂದು ಸಲ ಹಾಕುವ ಕಡೆ ಎರಡು ಸಲ, ಮೂರು ಸಲ ಹಾಕಿದೆ. ಹುಳುಗಳಿಗೆ ಸದಾ ಹಸಿ ಸೊಪ್ಪು. ಗೂಡು ಕಲ್ಲಿನ ಹಾಗೆ ಗಟ್ಟಿ ಬಂತು. ಅತ್ತೆ ನನ್ನನ್ನು ಹೊಗಳಿ ಅಟ್ಟಕ್ಕೇರಿಸಿದರು, ನಾನು ಸಂತೋಷವಾಗಿ ಏರಿ ಕೂತೆ. ಹದಿನೈದು ವರ್ಷ ಕಾದ ಹೊಗಳಿಕೆ ಅದು. ಹುಳು ಇಲ್ಲದ ದಿನಗಳಲ್ಲಿ ಹುಳುಮನೆ ತೊಳೆಯುವ ನೆಪ, ಇಲಿ ಬಂತೇನೋ ಎಂಬ ನೆಪ. ನೋವು ತೀರಾ ಜೋರಾದ ರಾತ್ರಿ ಹೊಟ್ಟೆಗೆ ಮುಲಾಮು ಹಚ್ಚಿಕೊಳ್ಳಬೇಕು ಎನಿಸುತ್ತಿತ್ತು. ಹುಳುಗಳಿಗೆ ಆ ಘಾಟು ಆಗುವುದಿಲ್ಲವೆಂದು ಅದನ್ನೂ ಬಿಟ್ಟೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಹುಳುಗಳ ಮೂಗಿನ ಮೇಲಿದ್ದ ಕಾಳಜಿ ನನ್ನ ಹೊಟ್ಟೆಯ ಮೇಲೆ ನನಗಿರಲಿಲ್ಲ.

ನಿದ್ದೆಯಿಲ್ಲದ ಮನುಷ್ಯ ಹಗಲಿನಲ್ಲಿ ಏನಾಗುತ್ತಾನೆ ಎಂಬುದನ್ನು ಯಾರೂ ಬರೆಯುವುದಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದೆ, ಇಲ್ಲವೇ ಹಾಕುತ್ತಲೇ ಇರಲಿಲ್ಲ. ನಲ್ಲಿ ತಿರುಗಿಸಿ ಬಿಂದಿಗೆ ಇಡುವುದನ್ನು ಮರೆಯುತ್ತಿದ್ದೆ. ಮದುವೆ ಮನೆಗೆ ಹೋಗುವುದು ಬಿಟ್ಟೆ, ಊಟಕ್ಕೆ ಕೂರಿಸುತ್ತಾರೆಂಬ ಭಯ. ಮಗಳು ಕಾವ್ಯ ಆಗ ಚಿಂತಾಮಣಿಯಲ್ಲಿ ಪಿಯುಸಿ. ಅವಳು ಬಾಚಣಿಗೆ ಎಲ್ಲಿ ಎಂದು ಕೇಳಿದ್ದಕ್ಕೆ ಒಮ್ಮೆ ಕೂಗಾಡಿ, ಅವಳ ಕೈಯಲ್ಲಿದ್ದ ತಟ್ಟೆಯನ್ನು ಕಿತ್ತು ಎಸೆದೆ. ಅವಳು ಅಳಲಿಲ್ಲ, ಅನ್ನ ಗುಡಿಸಿದಳು. ನನಗೆ ಏನೋ ಕೆಟ್ಟದ್ದಿದೆ, ಕ್ಯಾನ್ಸರೇ ಇರಬೇಕು ಎಂದು ಒಳಗೊಳಗೇ ತೀರ್ಮಾನ ಮಾಡಿಕೊಂಡಿದ್ದೆ. ತೋರಿಸಿದರೆ ಹೆಸರು ಗೊತ್ತಾಗುತ್ತದೆ. ಹೆಸರು ಗೊತ್ತಾದರೆ ಹುಳುಮನೆಗೆ ಬಿಡುವುದಿಲ್ಲ. ಮತ್ತೆ ಟೌನ್ ಹುಡುಗಿ. ನನ್ನ ತಲೆ ಓಡುತ್ತಿದ್ದದ್ದು ಹೀಗೆ.

ಅದು ಮುರಿದುಬಿದ್ದದ್ದು ಒಂದು ನಾಲ್ಕನೇ ಜ್ವರದ ರಾತ್ರಿ. ಹುಳು ಜ್ವರಕ್ಕೆ ಕೂತಾಗ ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಿದೆ. ಮೇಲೆ ಸುಣ್ಣದ ಪುಡಿ ಉದುರಿಸಿ ಬಾಗಿಲು ಮುಂದೆ ಮಾಡಿ ಬಂದರೆ ಮುಗಿಯಿತು. ಯಾರೂ ಮುಟ್ಟಬಾರದು, ಅಲ್ಲಾಡಿಸಬಾರದು, ಸೊಪ್ಪಂತೂ ಹಾಕಲೇಬಾರದು. ಎಲ್ಲವೂ ಎದ್ದ ಮೇಲೆಯೇ ಸೊಪ್ಪು. ಒಂದೊಂದು ಮುಂಚೆ ಎದ್ದು ಹಸಿದು ತಲೆಯಾಡಿಸಿದರೂ ಕಾಯಬೇಕು. ಅವಕ್ಕೆಂದು ಹಾಕಿದರೆ ಎದ್ದವು ತಿಂದು ಮುಂದೆ ಹೋಗುತ್ತವೆ, ಮಲಗಿದವು ಕಡ್ಡಿಯ ಕೆಳಗೆ ಸಿಕ್ಕಿ ಹಿಂದೆ ಬೀಳುತ್ತವೆ, ಬೆಳೆ ಮಟ್ಟವಾಗಿ ಬರುವುದಿಲ್ಲ. ನಮ್ಮ ಮನೆಯಲ್ಲಿ ಮಕ್ಕಳಿಗೂ ಗೊತ್ತಿರುವ ವಿಷಯ ಇದು.

ಆ ರಾತ್ರಿ ನೋವು ತಡೆಯಲಾಗಲಿಲ್ಲ. ಹುಳುಮನೆಯಲ್ಲಿ ಮಾಡಲು ಕೆಲಸವಿರಲಿಲ್ಲ, ಬಗ್ಗಲು ನೆಪವಿರಲಿಲ್ಲ. ದೀಪ ಹಾಕಿ ನೋಡಿದರೆ ಅಷ್ಟೂ ಹುಳು ತಲೆ ಎತ್ತಿಕೊಂಡು ಮಲಗಿದ್ದವು. ಒಳಗೆ ಗಂಡ ಮಲಗಿದ್ದರು, ಅತ್ತೆ ಮಲಗಿದ್ದರು, ಮಗಳು ಮಲಗಿದ್ದಳು, ಇಲ್ಲಿ ಹುಳು ಕೂಡ. ಹೇಳಲು ನಾಚಿಕೆಯಾಗುತ್ತದೆ, ನನಗೆ ಆ ಹುಳುಗಳ ಮೇಲೆ ಹೊಟ್ಟೆಕಿಚ್ಚಾಯಿತು. ಸೊಪ್ಪಿನ ಕೋಣೆಗೆ ಹೋಗಿ ಕಡ್ಡಿ ತಂದು ಹಾಸಿದೆ. ಕೆಳಗಿನ ಅಂತಸ್ತು, ಅದರ ಮೇಲಿನದು, ಇನ್ನೊಂದು. ಬಗ್ಗಿ ಬಗ್ಗಿ ಎಲ್ಲವನ್ನೂ ಮುಚ್ಚಿದೆ. ನೋವು ಸ್ವಲ್ಪ ಇಳಿಯಿತು.

ಬೆಳೆ ಏರುಪೇರಾಯಿತು. ಒಂದು ಕಡೆ ಹಣ್ಣಾದ ಹುಳು ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆ ಹುಡುಕುತ್ತಿದ್ದರೆ ಪಕ್ಕದಲ್ಲೇ ಕಡ್ಡಿಯಂಥ ಹುಳು ಇನ್ನೂ ಸೊಪ್ಪು ತಿನ್ನುತ್ತಿತ್ತು. ಅತ್ತೆ ಕಸ ತೆಗೆಯುವಾಗ ಅಡಿಯಲ್ಲಿ ಒಣಗಿದ ಸೊಪ್ಪಿನ ಪದರ ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಹಿತ್ತಲಿಗೆ ಬಂದರು. ನಾನು ಪಾತ್ರೆ ತೊಳೆಯುತ್ತಿದ್ದೆ.

"ಮಲಗಿದ್ದೋವಕ್ಕೆ ಸೊಪ್ಪು ಹಾಕಿದ್ದೀಯಲ್ಲ, ಯಾಕಮ್ಮಾ?"

ಎದ್ದಿವೆ ಎಂದುಕೊಂಡೆ ಎಂದು ಸುಳ್ಳು ಹೇಳಿದೆ.

"ಇಷ್ಟು ವರ್ಷ ಸಾಕಿದ್ದೀಯ. ಎದ್ದಿರೋದ್ಯಾವುದು ಮಲಗಿರೋದ್ಯಾವುದು ನಿನಗೆ ಗೊತ್ತಾಗಲ್ವಾ?"

ಬೈಯುವ ದನಿಯಲ್ಲ, ನಿಜವಾಗಿ ಅರ್ಥವಾಗದೆ ಕೇಳಿದರು. ಅದಕ್ಕೇ ನನ್ನ ಬಾಯಿಂದ ನಿಜ ಬಂತು. "ಅವು ಮಲಗಿರೋದನ್ನ ನನ್ನ ಕೈಲಿ ನೋಡಕ್ಕಾಗ್ಲಿಲ್ಲ ಅತ್ತೆ. ನಾನು ಮಲಗಿ ಎರಡು ವರ್ಷ ಆಯ್ತು."

ಮಿಕ್ಕದ್ದೆಲ್ಲ ಅಲ್ಲೇ, ಸೋಪಿನ ಕೈಯಲ್ಲೇ ಹೇಳಿದೆ. ನೋವು, ಬೆನ್ನು, ಬಗ್ಗಿದರೆ ಸಿಗುವ ಬಿಡುವು, ರವಿಕೆಯ ಹೊಲಿಗೆ. ಅತ್ತೆ ಒಣಸೊಪ್ಪನ್ನು ಕೆಳಗೆ ಹಾಕಲಿಲ್ಲ. "ಡೈರೀಲಿ ಊರಿಗೆಲ್ಲಾ ಹೇಳ್ಕೊಂಡು ಬಂದ್ನಲ್ಲೇ" ಎಂದರು. ಅಷ್ಟೇ. ಅವರ ಮುಖದಲ್ಲಿ ಕಂಡದ್ದು ಸಿಟ್ಟೋ ಅವಮಾನವೋ ನನಗೆ ತಿಳಿಯಲಿಲ್ಲ. ಯಾವುದಕ್ಕೆ ನಾನು ಎರಡು ವರ್ಷ ಹೆದರಿದ್ದೆನೋ ಅದು ಆಗಿಹೋಯಿತು ಎಂದುಕೊಂಡೆ. ಮಾರನೆಯ ದಿನ ಡೈರಿಗೆ ಅವರು ಹೋಗಲಿಲ್ಲ, ಕಾವ್ಯಳನ್ನು ಕಳಿಸಿದರು.

ಅತ್ತೆಯ ಬಾಯಿಂದ ಎಲ್ಲವನ್ನೂ ಕೇಳಿದ ಯಜಮಾನರು ಅದೇ ದಿನ ರಜೆ ಹಾಕಿ ನನ್ನನ್ನು ಚಿಂತಾಮಣಿಗೆ ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋದರು. ಸ್ಕ್ಯಾನಿಂಗ್ ಮಾಡುತ್ತಿದ್ದ ಡಾಕ್ಟರು ಒಂದೇ ಜಾಗಕ್ಕೆ ಮತ್ತೆ ಮತ್ತೆ ಒತ್ತಿ ನೋಡಿದಾಗ ನಾನು ಮಂಚದ ಅಂಚು ಹಿಡಿದುಕೊಂಡೆ. ಬೆಂಗಳೂರಿಗೆ ಹೋಗಿ ಎಂದು ಬರೆದುಕೊಟ್ಟರು. ಬಸ್ಸಿನಲ್ಲಿ ಯಜಮಾನರು ಆ ಚೀಟಿಯನ್ನು ನಾಲ್ಕು ಸಲ ಮಡಚಿ ನಾಲ್ಕು ಸಲ ಬಿಚ್ಚಿದರು. ಆ ದಿನ ಅವರು ಬಸ್ಸಿನಲ್ಲಿ ಮಲಗಲಿಲ್ಲ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಫೈಲು ಯಜಮಾನರ ಕೈಯಲ್ಲಿತ್ತು. ಒಳಗೆ ಹೋದ ಕೂಡಲೇ ಡಾಕ್ಟರು ಫೈಲು ನೋಡಿ ಅವರನ್ನೇ ಕೇಳಿದರು, ಕುಡಿಯುವುದು ಎಷ್ಟು ವರ್ಷದಿಂದ ಎಂದು. ಮೇಷ್ಟ್ರು ಬೆವರಿ, ಪೇಷೆಂಟು ನಾನಲ್ಲ ಸಾರ್ ಎಂದರು. ಡಾಕ್ಟರು ನನ್ನ ಕಡೆ ತಿರುಗಿ, ಸ್ವಲ್ಪ ತಡೆದು, ಅದನ್ನೇ ನನಗೂ ಕೇಳಿದರು. ನನಗೆ ನಗು ಬಂದುಬಿಟ್ಟಿತು. ಕುಡಿಯದವರಿಗೂ ಇದು ಬರುತ್ತದೆ, ಎಷ್ಟೋ ಸಲ ಯಾಕೆಂದು ಗೊತ್ತಾಗುವುದಿಲ್ಲ ಎಂದರು ಅವರು. ಮೇದೋಜೀರಕ ಗ್ರಂಥಿಯಲ್ಲಿ ಹಳೆಯ ಊತ, ನಾಳದಲ್ಲಿ ಕಲ್ಲು. ಕ್ಯಾನ್ಸರ್ ಅಲ್ಲ. ಪೂರ್ತಿ ವಾಸಿಯಾಗುವುದೂ ಅಲ್ಲ. ಜೊತೆಯಲ್ಲಿ ಇಟ್ಟುಕೊಂಡು ಬದುಕಬೇಕಾದ ಕಾಯಿಲೆ. ಮೊದಲ ಮಾತು ಕೇಳಿ ಯಜಮಾನರು ಕಣ್ಣೊರೆಸಿಕೊಂಡರು. ನಾನು ಎರಡನೆಯ ಮಾತಿನಲ್ಲೇ ನಿಂತುಬಿಟ್ಟಿದ್ದೆ.

ಆ ಕಾಯಿಲೆಯವರೆಲ್ಲ ಕಾಯುವ ಒಂದು ಉದ್ದನೆಯ ಹಜಾರವಿತ್ತು. ಕಬ್ಬಿಣದ ಕುರ್ಚಿಗಳು, ಕೂಗುವ ನಂಬರು, ಮೂಲೆಯಲ್ಲಿ ಯಾವಾಗಲೂ ಒದ್ದೆಯಾಗಿರುವ ನೆಲ. ಅಲ್ಲಿ ನಾನು ಕಂಡ ಒಂದು ವಿಷಯ ನನ್ನನ್ನು ಬಹಳ ಸಮಾಧಾನಪಡಿಸಿತು. ಎಲ್ಲರೂ ನನ್ನ ಹಾಗೆಯೇ ಮುಂದಕ್ಕೆ ಬಾಗಿ ಕೂತಿದ್ದರು. ಎರಡು ವರ್ಷ ನಾನೊಬ್ಬಳೇ ಹೀಗೆ ಎಂದುಕೊಂಡಿದ್ದೆ.

ಪಕ್ಕದಲ್ಲಿ ಕೂತವರು ತೊಂಡೇಬಾವಿಯ ಗೋವಿಂದಪ್ಪ. ಬೆಳಗಿನ ರೈಲಿಗೆ ಬಂದಿದ್ದರು. ತೊಡೆಯ ಮೇಲೆ ಒಂದು ದಪ್ಪ ದಿಂಬು ಇಟ್ಟುಕೊಂಡು ಅದರ ಮೇಲೆ ಎದೆಯೂರಿ ಕೂತಿದ್ದರು. ನಾನು ಗೌರಿಬಿದನೂರಿನವಳೆಂದು ಗೊತ್ತಾದ ಕೂಡಲೇ ನಮ್ಮೂರಿನ ಮಗಳು ಎಂದರು. ತಾವು ಕುಡಿದು ತರಿಸಿಕೊಂಡವರು, ಬಿಟ್ಟು ಐದು ವರ್ಷವಾಯಿತು, ಆದರೆ ಇದು ತಮ್ಮನ್ನು ಬಿಡಲಿಲ್ಲ ಎಂದು ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿಕೊಂಡರು. ಆಮೇಲೆ ದನಿ ತಗ್ಗಿಸಿ, ಅವರ ಮನೆಮಾತಾದ ತೆಲುಗಿನಲ್ಲೇ ಕೇಳಿದರು.

"ನಿದ್ರ ಪಡ್ತುಂದಾ ಅಮ್ಮಾ?"

ನಿದ್ದೆ ಬರುತ್ತದೆಯಾ ಎಂದು ಅಲ್ಲಿಯವರೆಗೆ ನನ್ನನ್ನು ಒಬ್ಬರೂ ಕೇಳಿರಲಿಲ್ಲ. ಡಾಕ್ಟರು ನೋವು ಕೇಳಿದ್ದರು, ಸಕ್ಕರೆ ಕೇಳಿದ್ದರು, ಮಲ ಎಣ್ಣೆ ಎಣ್ಣೆಯಾಗಿ ಹೋಗುತ್ತದೆಯಾ ಎಂದು ಕೇಳಿದ್ದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಗೋವಿಂದಪ್ಪ ಅದನ್ನು ನಿರೀಕ್ಷಿಸಿದ್ದವರಂತೆ ಹೂಂ ಎಂದರು.

"ನೋವು ಹೋದ್ರೂ ನಿದ್ದೆ ಬೇಗ ಬರಲ್ಲಮ್ಮ, ಅದಕ್ಕೆ ನಮ್ಮನೆ ದಾರಿ ಮರ್ತೋಗಿರ್ತದೆ. ಡಾಕ್ಟ್ರಿಗೆ ಬಾಯಿಬಿಟ್ಟು ಹೇಳು. ನಾನು ಹೇಳ್ದೆ ಮೂರು ವರ್ಷ ಕಳ್ಕೊಂಡೆ. ಗಂಡ್ಸು, ನಿದ್ದೆ ಬರಲ್ಲ ಅಂತ ಹೇಳೋಕೆ ನಾಚ್ಕೆ."

ಅವರ ನಂಬರು ಕೂಗಿದರು. ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಎದ್ದು ಹೋದರು. ಅವರನ್ನು ನಾನು ಮತ್ತೆ ನೋಡಲಿಲ್ಲ. ಆ ಕಡೆಯ ರೈಲಿನಲ್ಲಿ ಹೋಗುವಾಗಲೆಲ್ಲ ತೊಂಡೇಬಾವಿ ಸ್ಟೇಷನ್ನಿನಲ್ಲಿ ಈಗಲೂ ಕಿಟಕಿಯಿಂದ ಹೊರಗೆ ನೋಡುತ್ತೇನೆ.

ಬಾಯಿಯ ಮೂಲಕ ಕೊಳವೆ ಇಳಿಸಿ ಕಲ್ಲು ತೆಗೆದರು, ನಾಳಕ್ಕೆ ಒಂದು ಸಣ್ಣ ನಳಿಕೆ ಇಟ್ಟರು. ಒಂದೇ ಸಲಕ್ಕೆ ಆಗಲಿಲ್ಲ, ಮತ್ತೆ ಹೋಗಬೇಕಾಯಿತು. ಊಟದ ಜೊತೆಯಲ್ಲೇ ನುಂಗಬೇಕಾದ ಕ್ಯಾಪ್ಸೂಲು ಕೊಟ್ಟರು. ಕೆಲವು ವಾರಗಳಲ್ಲಿ ನೋವು ಅರ್ಧಕ್ಕಿಂತ ಕೆಳಗಿಳಿಯಿತು. ಮೊದಲ ಸಲ ಮುದ್ದೆ ತಿಂದು ಒಂದು ಗಂಟೆ ಗಡಿಯಾರ ನೋಡುತ್ತಾ ಕೂತೆ. ಏನೂ ಆಗಲಿಲ್ಲ. ಮುಂದಿನ ಊಟಕ್ಕೆ ಇನ್ನೂ ಸ್ವಲ್ಪ ಸಾರು ಹಾಕಲೇ ಎಂದು ಯಜಮಾನರು ಕೇಳಿದಾಗ ತಟ್ಟೆ ಮುಂದಕ್ಕೆ ಚಾಚಿದೆ.

ನಿದ್ದೆ ಮಾತ್ರ ಬರಲಿಲ್ಲ. ಗೋವಿಂದಪ್ಪ ಹೇಳಿದ್ದು ನಿಜವಾಯಿತು. ನೋವಿಲ್ಲದ ರಾತ್ರಿಯಲ್ಲೂ ಮೈ ನೋವಿಗಾಗಿ ಕಾಯುತ್ತಾ ಎಚ್ಚರವಾಗಿರುತ್ತಿತ್ತು. ಮುಂದಿನ ಸಲ ಹೋದಾಗ ಡಾಕ್ಟರಿಗೆ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಇದೂ ಕಾಯಿಲೆಯ ಭಾಗವೇ, ಮುಂಚೆಯೇ ಹೇಳಬೇಕಿತ್ತು ಎಂದರು. ಒಂದು ಮಾತ್ರೆ ಬದಲಾಯಿಸಿದರು, ರಾತ್ರಿಯೂಟ ಬೇಗ ಮತ್ತು ಕಡಿಮೆ ಎಂದರು, ಅಂಗಾತ ಬೇಡ, ಒರಗಿ ಮಲಗಿ ಎಂದರು. ರಾತ್ರಿ ಎದ್ದು ಮಾಡುವ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿ ಎಂದೂ ಹೇಳಿದರು. ಅಲ್ಲಿಗೆ ನನ್ನ ಹುಳುಮನೆ ಮುಗಿಯಿತು.

ಮನೆಗೆ ಬಂದು ಈ ಮಾತನ್ನು ಅತ್ತೆಗೆ ತಿಳಿಸಿದವರು ಯಜಮಾನರು. ನನಗೆ ಧೈರ್ಯವಿರಲಿಲ್ಲ. ಅತ್ತೆ ಸರಿ ಎಂದರು. ಆ ರಾತ್ರಿಯಿಂದ ಮಂಡಿಗೆ ಬಟ್ಟೆ ಸುತ್ತಿಕೊಂಡು ತಾವೇ ಎದ್ದರು. ಅವರು ಗೋಡೆ ಹಿಡಿದು ಹುಳುಮನೆಗೆ ಹೋಗುವ ಸದ್ದನ್ನು ನಾನು ಒಳಗೆ ಒರಗಿಕೊಂಡು ಕೇಳುತ್ತಿದ್ದೆ. ನನ್ನದಾಗಿದ್ದ ಜಾಗವನ್ನು ಕಳೆದುಕೊಂಡ ಸಂಕಟ ಹೊಟ್ಟೆನೋವಿಗಿಂತ ಕಡಿಮೆಯಿರಲಿಲ್ಲ. ಒಂದು ಸಲ ಎದ್ದು ಹೋದೆ. "ಹೋಗಮ್ಮ ಒಳಕ್ಕೆ" ಎಂದು ಅಷ್ಟೇ ಹೇಳಿ ಬೆನ್ನು ತಿರುಗಿಸಿದರು. ಮದುವೆಯಾದ ಹೊಸದರಲ್ಲಿ ಬಾಗಿಲು ಹಾಕಿಕೊಂಡದ್ದೇ ನೆನಪಾಯಿತು. ಡೈರಿಗೆ ಮತ್ತೆ ಹೋಗತೊಡಗಿದ್ದರು, ಆದರೆ ಅಲ್ಲಿ ನನ್ನ ಮಾತೆತ್ತುವುದಿಲ್ಲ, ಕ್ಯಾನು ಸುರಿದು ಬಂದುಬಿಡುತ್ತಾರೆ ಎಂದು ಕಾವ್ಯ ಹೇಳಿದಳು.

ಕಾವ್ಯ ಹೇಳಿದ ಇನ್ನೊಂದು ಮಾತೂ ಇದೆ. ತಟ್ಟೆ ಎಸೆದದ್ದಕ್ಕೆ ಅವಳ ಹತ್ತಿರ ಕ್ಷಮೆ ಕೇಳಿದ ದಿನ ಅದು. "ನೀನು ರಾತ್ರಿ ಓಡಾಡೋದು ನಂಗೆ ಗೊತ್ತಿತ್ತಮ್ಮ. ನೀನು ಬಂದು ಮಲಗೋವರ್ಗೂ ನಾನೂ ಎದ್ದಿರ್ತಿದ್ದೆ" ಎಂದಳು. ನನ್ನ ಕಾಯಿಲೆ ನನ್ನೊಬ್ಬಳದೇ ಎಂದು ತಿಳಿದಿದ್ದೆ. ಮಗಳ ನಿದ್ದೆಯನ್ನೂ ತಿಂದಿದ್ದೆ ಎಂಬುದು ನನಗೆ ಇವತ್ತಿಗೂ ಚುಚ್ಚುತ್ತದೆ.

ಒಂದು ಸಂಜೆ ಅತ್ತೆ ತಮ್ಮ ಪೆಟ್ಟಿಗೆಯಿಂದ ಹಳೆಯ ಹತ್ತಿ ಸೀರೆಗಳನ್ನು ತೆಗೆದು ಪಡಸಾಲೆಯಲ್ಲಿ ಹರಡಿಕೊಂಡು ಕೂತರು. ಎರಡು ದಿನ ಮಡಚಿ, ಸುತ್ತಿ, ದಬ್ಬಳದಲ್ಲಿ ಹೊಲಿದು ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದ ಒಂದು ದಿಂಬು ಮಾಡಿದರು. ಗೋವಿಂದಪ್ಪನವರ ದಿಂಬಿನ ಕತೆಯನ್ನು ನಾನು ಯಜಮಾನರಿಗೆ ಹೇಳುವಾಗ ಕೇಳಿಸಿಕೊಂಡಿದ್ದಿರಬೇಕು. ಅದನ್ನು ನನ್ನ ಕೈಗೆ ಕೊಡಲಿಲ್ಲ, ಹಾಸಿಗೆಯ ಮೇಲೆ ಇಟ್ಟು ಹೋದರು. ಅದರಲ್ಲಿ ಸುಣ್ಣದ ಮತ್ತು ಅವರ ಎಲೆಯಡಿಕೆಯ ವಾಸನೆ ಇತ್ತು.

ಆ ತಿಂಗಳ ಹುಳು ನಾಲ್ಕನೇ ಜ್ವರಕ್ಕೆ ಕೂತ ದಿನ. ಮಧ್ಯಾಹ್ನ ಅನ್ನ ಸಾರು ಉಂಡು ಕ್ಯಾಪ್ಸೂಲು ನುಂಗಿದ್ದೆ. ಹುಳುಮನೆ ಬಾಗಿಲು ಮುಂದೆ ಮಾಡಿತ್ತು. ಮನೆಯಲ್ಲಿ ಯಾರಿಗೂ ಕೆಲಸವಿರಲಿಲ್ಲ, ಸದ್ದಿರಲಿಲ್ಲ. ನಿದ್ದೆ ಬರಲಿ ಎಂದಲ್ಲ, ಸುಮ್ಮನೆ ಆ ದಿಂಬಿಗೆ ಒರಗಿದೆ. ಕಿಟಕಿಯ ಹೊರಗೆ ಕಾವ್ಯ ಒಗೆದು ಹಾಕಿದ್ದ ದುಪಟ್ಟಾ ಒಂದು ತುದಿ ಒಣಗಿ ಹಾರುತ್ತಿತ್ತು. ನನಗೆ ನೆನಪಿರುವುದು ಅಷ್ಟೇ.

ಕಣ್ಣು ಬಿಟ್ಟಾಗ ಬೆಳಕಿತ್ತು. ಇನ್ನೂ ಸಂಜೆಯಾಗಿಲ್ಲ ಎಂದುಕೊಂಡೆ. ಬಿಸಿಲು ಪೂರ್ವದ ಕಿಟಕಿಯಿಂದ ಬರುತ್ತಿದೆ ಎಂದು ಅರಿವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಮೇಲೆ ಯಾರೋ ಹೊದಿಕೆ ಹೊದಿಸಿದ್ದರು. ಬಾಗಿಲು ಮುಂದೆ ಮಾಡಿತ್ತು. ಬಾಯಿ ಒಣಗಿತ್ತು, ಕೈಯ ಮೇಲೆ ದಿಂಬಿನ ಹೊಲಿಗೆಯ ಗುರುತು ಬಿದ್ದಿತ್ತು. ಎದ್ದು ಬಾಗಿಲು ತೆರೆದರೆ ಹೊಸ್ತಿಲಿನ ಹೊರಗೆ ಅತ್ತೆಯ ಚಾಪೆ ಮತ್ತು ಎಲೆಯಡಿಕೆ ಚೀಲ. ಪಡಸಾಲೆಯಲ್ಲಿ ಯಜಮಾನರು ತುದಿಗಾಲಲ್ಲಿ ನಡೆದು ಬಂದು, ಪಿಸುಮಾತಿನಲ್ಲಿ ಕಾಫಿ ಬೇಕಾ ಎಂದು ಕೇಳಿದರು.

ರಾತ್ರಿಯ ವಿಷಯವನ್ನು ಕಾವ್ಯ ಹೇಳಿದಳು. ಅತ್ತೆ ಮಧ್ಯಾಹ್ನದಿಂದ ಆ ಬಾಗಿಲ ಮುಂದೆಯೇ ಕೂತಿದ್ದರಂತೆ. ಸಂಜೆ ಸ್ಕೂಲಿನಿಂದ ಬಂದ ಯಜಮಾನರಿಗೆ ಚಪ್ಪಲಿ ಹೊರಗೇ ಬಿಡಲು ಹೇಳಿದರಂತೆ. ಊಟಕ್ಕೆ ಎಬ್ಬಿಸಲು ಹೋದ ಕಾವ್ಯಳ ಕೈ ಹಿಡಿದು, "ಮುಟ್ಟಬೇಡ. ತಾನೇ ಏಳ್ತಾಳೆ" ಎಂದರಂತೆ. ಕುಕ್ಕರಿನ ಸೀಟಿ ಕೂಗಬಾರದೆಂದು ಅನ್ನವನ್ನು ಬಸಿದು ಮಾಡಿದರಂತೆ.

ಅತ್ತೆ ಎಲ್ಲಿ ಎಂದೆ. ಡೈರಿಗೆ ಹೋಗಿದ್ದಾರೆ, ಮಂಡಿ ನೋವಿದ್ದರೂ ಇವತ್ತೂ ತಾನೇ ಹೋಗುತ್ತೇನೆ ಎಂದು ಹಟ ಹಿಡಿದರು, ಕ್ಯಾನಿನ ಮುಚ್ಚಳವನ್ನು ಇಲ್ಲೇ ಮರೆತಿದ್ದಾರೆ ಎಂದಳು. ನಾನು ಮುಚ್ಚಳ ತೆಗೆದುಕೊಂಡು ಹೊರಟೆ. ಬೆಳಗಿನ ಬಿಸಿಲಿನಲ್ಲಿ ಮೈ ಹಗುರವಾಗಿತ್ತು, ಹೊಟ್ಟೆಯಲ್ಲಿ ಸಣ್ಣಗೆ ಎಂದಿನ ನೋವೂ ಇತ್ತು. ಅದು ಈಗಲೂ ಇದೆ. ವಾರಕ್ಕೆರಡು ರಾತ್ರಿ ಈಗಲೂ ಕೆಡುತ್ತದೆ. ಕೆಟ್ಟರೆ ಬೆಳಿಗ್ಗೆ ಎದ್ದು ಎಲ್ಲರಿಗೂ ಹೇಳುತ್ತೇನೆ, ಅದೊಂದು ಬದಲಾಗಿದೆ.

ಡೈರಿಯ ಮುಂದೆ ಹೆಂಗಸರ ಸಾಲಿತ್ತು. ಅತ್ತೆ ನನಗೆ ಬೆನ್ನು ಮಾಡಿ ನಿಂತಿದ್ದರು. ನಿನ್ನೆ ಸಂಜೆ ಯಾರೋ ಮನೆಗೆ ಬಂದಾಗ ಸೊಸೆ ಇಷ್ಟು ಹೊತ್ತಿನಲ್ಲಿ ಮಲಗಿದ್ದಾಳಾ ಎಂದು ಕೇಳಿದ್ದರಂತೆ, ಆ ಮಾತು ಈಗ ಸಾಲಿನಲ್ಲಿ ಮತ್ತೆ ಬಂದಿತ್ತು. ನಾನು ಮುಚ್ಚಳ ಹಿಡಿದುಕೊಂಡು ಅಲ್ಲೇ ನಿಂತೆ. ಅತ್ತೆ ಕ್ಯಾನನ್ನು ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು. ಎರಡು ವರ್ಷ ನನ್ನನ್ನು ಹೊಗಳಿದ ಅದೇ ದನಿ, ಅದೇ ಹೆಮ್ಮೆ.

"ಹೂಂ ಕಣಮ್ಮ, ಮಲಗಿದ್ಳು. ನಿನ್ನೆ ಮಧ್ಯಾಹ್ನ ಮಲಗಿದೋಳು ನಾನು ಬರೋವಾಗ್ಲೂ ಎದ್ದಿರ್ಲಿಲ್ಲ. ಯಾರ ಮನೇಲಿ ಸೊಸೆ ಹಂಗೆ ಮಲಗ್ತಾಳೆ ಹೇಳು?"